ಜರ್ಮನಿಯ ಸಾಲಪತ್ರಕ್ಕೆ ಅರಿಶಿನ ಕುಂಕುಮ

ಅಲ್ಲ, ಆ ಮನುಷ್ಯ ನನ್ನನ್ನ ನೋಡಿ ಹೆದರಿ ಟೆಕ್ಸಾಸ್ ಬಿಟ್ಟೇ ಓಡಿಹೋದ ಅಂತ ನಿಮ್ಮ ತಾತ ಹೇಳ್ತಾರಲ್ಲ, ಅದು ಶುದ್ಧ ಕಟ್ಟುಕಥೆ. ಓಡಲಿಲ್ಲ. ಕನ್ನಡಕ ಒರೆಸಿಕೊಂಡ, ನೀರು ಕುಡಿದ, ಕೂತು ಚೆಕ್ ಬರೆದ. ಅಷ್ಟೇ. ತಾತ ಪ್ರತಿ ಸಲ ಹೇಳುವಾಗಲೂ ಒಂದೊಂದು ಒಗ್ಗರಣೆ ಹಾಕ್ತಾರೆ. ಹೋದ ಯುಗಾದಿಗೆ ಹೇಳಿದಾಗ ಅವನು ಅತ್ತೂಬಿಟ್ಟಿದ್ದ. ಅನಿಕಾ, ಕುರ್ಚಿ ಈ ಕಡೆ ಎಳ್ಕೊ, ಬಿಸಿಲು ಬೀಳ್ತಿದೆ ನಿನ್ನ ಮೇಲೆ. ನಡೆದದ್ದನ್ನ ನಡೆದ ಹಾಗೆ ನಾನು ಹೇಳ್ತೀನಿ.

ಎರಡು ಸಾವಿರದ ಎರಡು... ತಡಿ, ತಾತನ ಕೆಲಸ ಹೋಗಿದ್ದು ಎರಡು ಸಾವಿರದ ಒಂದರ ಕೊನೇಲಿ, ಇದು ನಡೆದದ್ದು ಅದರ ಮುಂದಿನ ಬೇಸಿಗೇಲಿ. ಡಾಲಸ್ ಸುತ್ತ ಟೆಲಿಕಾಂ ಕಂಪನಿಗಳೆಲ್ಲ ಜನರನ್ನ ಮನೆಗೆ ಕಳಿಸ್ತಿದ್ದ ಕಾಲ. ನಮ್ಮ ಬೀದಿಯಲ್ಲೇ ನಾಲ್ಕು ಮನೆ ಗಂಡಸರು ಸೋಮವಾರ ಬೆಳಗ್ಗೆ ಹತ್ತು ಗಂಟೆಗೆ ಹುಲ್ಲು ಕತ್ತರಿಸ್ತಾ ನಿಂತಿರೋರು ಅಂದ್ರೆ ನೀವೇ ಊಹಿಸಿಕೊಳ್ಳಿ. ಡಾಲಸ್ ಪಕ್ಕದ ಈ ಮರ್ಫಿ ಊರಲ್ಲಿ ಈ ಮನೆ ಆಗಷ್ಟೇ ಕೊಂಡಿದ್ವಿ. ನನಗೆ ಲೈಬ್ರರಿಯಲ್ಲಿ ಅರ್ಧ ದಿನದ ಕೆಲಸ, ಜೀವಮಾನದ ಮೊದಲ ಸಂಬಳ. ಮೈಸೂರಲ್ಲಿ ಇತಿಹಾಸದಲ್ಲಿ ಎಂ.ಎ. ಮಾಡಿದವಳು ಇಲ್ಲಿ ಮಕ್ಕಳ ಚಿತ್ರಪುಸ್ತಕ ಜೋಡಿಸ್ತಿದ್ದೆ, ಸಂತೋಷವಾಗೇ ಜೋಡಿಸ್ತಿದ್ದೆ. ಆ ಸಂಬಳ ದಿನಸಿಗೆ ಸರಿಹೋಗ್ತಿತ್ತು. ಮನೆಯ ಕಂತಿಗೆ ಅಂತ ಆರು ತಿಂಗಳಿಗಾಗುವಷ್ಟು ಉಳಿತಾಯ ಬೇರೆ ಇಟ್ಟಿದ್ವಿ. ಅದು ಹೋದ್ರೆ ಈ ಮನೇನೂ ಹೋದ ಹಾಗೆ. ಏಸೀನ ಎಂಬತ್ತಮೂರು ಫ್ಯಾರನ್‌ಹೀಟ್‌ನಿಂದ ಕೆಳಗಿಳಿಸಿದವರು ಆ ವಾರ ಪೂರ್ತಿ ಪಾತ್ರೆ ತೊಳೀಬೇಕು ಅಂತ ರೂಲ್ ಮಾಡಿದ್ದೆ. ನಿಮ್ಮಮ್ಮ ತೊಳೆದಷ್ಟು ಪಾತ್ರೆ ಇನ್ಯಾರೂ ತೊಳೆದಿಲ್ಲ.

ಹೀಗಿರುವಾಗ ಒಂದು ಶನಿವಾರ ಹ್ಯೂಸ್ಟನ್‌ನಿಂದ ಶ್ರೀಕಂಠ ಭಾವ ಬಂದ್ರು. ತಾತನ ದೊಡ್ಡಮ್ಮನ ಮಗ, ತುಂಬ ಒಳ್ಳೆಯವರು, ಏನು ಕೇಳಿದ್ರೂ ನಂಬಿಬಿಡೋರು. ರೇಷ್ಮೆ ಬಟ್ಟೆಯಲ್ಲಿ ಸುತ್ತಿದ್ದ ಒಂದು ದೊಡ್ಡ ಹಳೇ ಕಾಗದ ತೆಗೆದು, "ಜಯಾ, ಮೊದಲು ಇದನ್ನ ದೇವರ ಮುಂದೆ ಇಡಮ್ಮ" ಅಂದ್ರು. ನೋಡೋಕೆ ಎಷ್ಟು ಚೆಂದ ಅಂತೀರಿ! ಸುತ್ತ ಬಳ್ಳಿ, ಹದ್ದು, ಕೆಳಗೆ ಸಾಲಾಗಿ ಬಡ್ಡಿ ಚೀಟಿಗಳು. ನಮ್ಮಲ್ಲಿ ಗೊತ್ತಲ್ಲ, ಗ್ರೀನ್ ಕಾರ್ಡ್ ಬರಲಿ, ಕಾರಿನ ಬೀಗದಕೈ ಬರಲಿ, ಮೊದಲು ದೇವರ ಮನೆಗೇ. ನಾನೂ ಅದೇ ರೂಢೀಲಿ ನಾಲ್ಕು ಮೂಲೆಗೂ ನೀರಲ್ಲಿ ಕಲಸಿದ ಅರಿಶಿನ ಹಚ್ಚಿ, ಕುಂಕುಮ ಇಟ್ಟೆ. ಹೌದು, ನಾನೇ ಇಟ್ಟೆ. ತಾತ ಈ ಭಾಗ ಬಿಟ್ಟು ಹೇಳ್ತಾರೆ, ಪಾಪ, ನನ್ನ ಮಾನ ಉಳಿಸೋಕೆ. ಪ್ರತಿಯೊಂದನ್ನೂ ಎರಡೆರಡು ಸಲ ಓದುವ ನಾನು ಅದೊಂದನ್ನ ಓದದೇ ಇಟ್ಟೆ.

ಊಟಕ್ಕೆ ಕೂತಾಗ ಭಾವ ಶುರುಮಾಡಿದ್ರು. "ಇದು ಬರೀ ಕಾಗದ ಅಲ್ಲಮ್ಮ, ಜರ್ಮನಿ ದೇಶಾನೇ ನಮಗೆ ಸಾಲಗಾರ! ಮೊದಲನೇ ಮಹಾಯುದ್ಧದಲ್ಲಿ ಸೋತವರು ಗೆದ್ದವರಿಗೆ ಪರಿಹಾರ ಕಟ್ಟಬೇಕಿತ್ತಲ್ಲ, ಕೈಯಲ್ಲಿ ಕಾಸಿಲ್ಲ, ಅಮೆರಿಕದ ಜನರ ಹತ್ರ ಸಾಲ ಎತ್ತಿ ಕಟ್ಟಿದ್ರು. ಆ ಸಾಲದ ಪತ್ರ ಇದು. ಮನುಷ್ಯ ಸಾಯ್ತಾನೆ, ಸರ್ಕಾರ ಸಾಯುತ್ತಾ? ಎಪ್ಪತ್ತು ವರ್ಷದ ಬಡ್ಡಿ ಸೇರಿಸು, ಅದೂ ಚಿನ್ನದ ಲೆಕ್ಕದಲ್ಲಿ!" ಆಮೇಲೆ ಆ ಕಾಲದ ಜರ್ಮನಿಯ ಕಥೆ. ಯಾರೋ ಹೆಂಗಸು ಬುಟ್ಟಿ ತುಂಬ ನೋಟು ತಗೊಂಡು ಬ್ರೆಡ್ ಅಂಗಡಿಗೆ ಹೋದಳಂತೆ, ಕಳ್ಳ ನೋಟೆಲ್ಲ ಸುರಿದು ಬುಟ್ಟಿ ಮಾತ್ರ ಕದ್ದನಂತೆ. "ಅದನ್ನ ನೋಡಿದವರು ಯಾರು ಭಾವ?" ಅಂದೆ. "ಎಲ್ಲರಿಗೂ ಗೊತ್ತು!" ಅಂದ್ರು. ಎಲ್ಲರಿಗೂ ಗೊತ್ತಿದ್ದು ಯಾರೂ ನೋಡಿರದ ವಿಷಯ ಅಂದ್ರೆ ನನಗೆ ಸ್ವಲ್ಪ ಅನುಮಾನ. ನಾನು ನಗ್ತಾನೇ ಸಾರು ಬಡಿಸ್ತಿದ್ದೆ. ಆದ್ರೆ ನಿಮ್ಮ ತಾತ ತಟ್ಟೆ ನೋಡ್ಕೊಂಡು ಕೂತಿದ್ರು. "ಏನ್ರೀ?" ಅಂದೆ. "ಅರ್ಧ ಪಾಲು ನಮ್ದು ಜಯಾ. ಮೂರು ವಾರದ ಹಿಂದೆ ಅಣ್ಣ ಇದನ್ನ ಕೊಂಡಾಗಲೇ ಚೆಕ್ ಕಳಿಸಿಬಿಟ್ಟೆ." ಎಷ್ಟು ಅಂತ ಕೇಳೋಕೆ ಹೋಗಲಿಲ್ಲ. ಇದ್ದದ್ದೇ ಆ ಆರು ತಿಂಗಳ ಕಂತಿನ ದುಡ್ಡು ತಾನೇ.

ಏನೋ ಪುಟ್ಟಾ, ವೈ ಡಿಡಂಟ್ ಯು ಯೆಲ್ ಅಟ್ ಹಿಮ್ ಅಂದ್ಯಾ? ಕಿರುಚಿದ್ರೆ ದುಡ್ಡು ಬರುತ್ತೇನೋ? ಆರು ತಿಂಗಳಿಂದ ಮನೇಲಿ ಕೂತ ಮನುಷ್ಯನಿಗೆ ಏನಾದ್ರೂ ಒಂದು ಮಾಡಬೇಕು ಅನ್ನಿಸುತ್ತೆ ಕಣೋ. ಸೋಮವಾರ ಲೈಬ್ರರಿಗೆ ಹೋದೆ, ಕೆಲಸ ಮುಗಿಸಿ ಮೂರು ದಿನ ಓದಿದೆ. ನೋಡಿ, ಭಾವ ಹೇಳಿದ್ದರಲ್ಲಿ ಅರ್ಧ ನಿಜ. ಆ ಸಾಲ ನಿಜ, ಪರಿಹಾರ ಕಟ್ಟೋಕೆ ತಗೊಂಡಿದ್ದೂ ನಿಜ. ನಡುವೆ ಕಟ್ಟೋದು ನಿಲ್ಲಿಸಿದ್ರು, ಎರಡನೇ ಯುದ್ಧ ಮುಗಿದ ಮೇಲೆ ಒಪ್ಪಿಕೊಂಡ್ರು. ಆದ್ರೆ ಒಂದು ಷರತ್ತು ಹಾಕಿದ್ರು. ಪತ್ರ ತಂದು ತೋರಿಸಿ ಪರಿಶೀಲನೆ ಮಾಡಿಸಿಕೊಂಡಿರಬೇಕು. ಯಾಕೆ ಗೊತ್ತಾ? ಜರ್ಮನಿಯವರೇ ದುಡ್ಡು ಕೊಟ್ಟು ವಾಪಸ್ ಪಡೆದು ಬ್ಯಾಂಕಿನಲ್ಲಿ ಇಟ್ಟಿದ್ದ ಎಷ್ಟೋ ಪತ್ರಗಳು ಯುದ್ಧದ ಗದ್ದಲದಲ್ಲಿ ಲೂಟಿಯಾಗಿದ್ವು. ತೀರಿಹೋದ ಸಾಲದ ಪತ್ರಗಳೇ ಕೈಯಿಂದ ಕೈಗೆ ಓಡಾಡ್ತಿದ್ವು. ನಮ್ಮ ಪತ್ರವನ್ನ ಭೂತಗನ್ನಡಿ ಹಿಡಿದು ಹಿಂದೆ ಮುಂದೆ ನೋಡಿದೆ, ಪರಿಶೀಲನೆಯ ಗುರುತು ಎಲ್ಲೂ ಇಲ್ಲ. ಗೋಡೆಗೆ ತೂಗುಹಾಕಬಹುದು, ಅಷ್ಟೇ.

ಪತ್ರ ಮಾರಿದವನು ಭಾವನಿಗೆ ಕೊಟ್ಟಿದ್ದ ರಸೀದಿಯಲ್ಲಿ ಮಾತ್ರ ಒಂದು ದಾರಿ ಇತ್ತು. ಮೂವತ್ತು ದಿನದೊಳಗೆ ಪತ್ರವನ್ನ ಕೊಟ್ಟ ಸ್ಥಿತಿಯಲ್ಲೇ ಮರಳಿಸಿದ್ರೆ ಹಣ ವಾಪಸ್. ಇನ್ನೂ ಐದು ದಿನ ಇತ್ತು. ಅಬ್ಬ ಅಂತ ಉಸಿರು ಬಿಟ್ಟೆ, ಅಷ್ಟರಲ್ಲಿ ನೆನಪಾಯ್ತು, ಅರಿಶಿನ! ಗಾಬರೀಲಿ ಬಟ್ಟೆ ಸೋಪಿನ ನೀರಲ್ಲಿ ಅದ್ದಿ ಒಂದು ಮೂಲೆ ಒರೆಸಿದೆ. ಸೋಪು ಸೋಕಿದ್ರೆ ಅರಿಶಿನ ಏನಾಗುತ್ತೆ? ಕೆಂಪಗಾಗುತ್ತೆ. ಹಳದಿ ಇದ್ದದ್ದು ರಕ್ತದ ಕಲೆ ಥರ ಆಯ್ತು. ತಾತ ಬಗ್ಗಿ ನೋಡಿ, "ಈಗ ನಿಜವಾಗಲೂ ಯುದ್ಧದ ಪತ್ರದ ಹಾಗಿದೆ" ಅಂದ್ರು. ಅಷ್ಟು ದಿನಕ್ಕೆ ಅವತ್ತೇ ಇಬ್ಬರೂ ನಕ್ಕಿದ್ದು, ಅಡುಗೆಮನೆ ನೆಲದಲ್ಲಿ ಕೂತು, ಹೊಟ್ಟೆ ಹಿಡ್ಕೊಂಡು.

ಭಾನುವಾರ ಆ ಮಾರಾಟಗಾರನ ಸಭೆ, ತಾತ ಓಡಿಸೋ ಮನುಷ್ಯ ಇವನೇ, ಆಸ್ಟಿನ್‌ನಲ್ಲಿ, ಒಂದು ಹೋಟೆಲ್ ಹಾಲಿನಲ್ಲಿ. ಪುಳಿಯೋಗರೆ ಕಟ್ಕೊಂಡು ನಾವು ಇಲ್ಲಿಂದ ಡ್ರೈವ್ ಮಾಡಿದ್ವಿ, ಭಾವ ಹ್ಯೂಸ್ಟನ್‌ನಿಂದ ಬಂದ್ರು. ಕೊಳ್ಳೋಕೆ ಬಂದವರು ಮೂವತ್ತು ಜನ ಇದ್ರೇನೋ. ತಾತನ ಲೆಕ್ಕದಲ್ಲಿ ಮುನ್ನೂರು. ಅವನ ಭಾಷಣ ಪೂರ್ತಿ ಕೇಳಿದೆ. "ಸರ್ಕಾರದ ಸಾಲ ಯಾವತ್ತೂ ಅಳಿಸಿಹೋಗಲ್ಲ" ಅಂತ ಮೂರು ಸಲ ಹೇಳಿದ, ಎಣಿಸ್ತಾ ಇದ್ದೆ. ಮುಗಿದ ಕೂಡಲೇ ಮುಂದೆ ಹೋಗಿ ಪತ್ರ ಬಿಚ್ಚಿಟ್ಟೆ. ಅವನು ಮುಖ ಸಿಂಡರಿಸಿಕೊಂಡು, "ಮೇಡಂ, ಕಲೆಯಾಗಿದೆ. ಇದರ ಬೆಲೆಯೇ ಹೋಯ್ತು. ವಾಪಸ್ ತಗೊಳೋಕಾಗಲ್ಲ" ಅಂದ. ಭಾವ ಹಿಂದಿನಿಂದ ನನ್ನ ಸೆರಗು ಎಳೀತಾ, "ಬೇಡಮ್ಮ, ಹೋಗೋಣ" ಅಂತಿದ್ರು.

ನಾನು ಕೇಳಿದೆ, ಮೆತ್ತಗೇ ಕೇಳಿದೆ, ಆದ್ರೆ ಅವನ ಮೈಕು ಇನ್ನೂ ಆನ್ ಇತ್ತು. "ಯಾವುದರ ಬೆಲೆ ಹೋಯ್ತು ಸರ್? ಚಿಟಿಕೆ ಅರಿಶಿನಕ್ಕೆ ಜರ್ಮನಿಯ ಸಾಲ ತೀರಿಹೋಯ್ತಾ? ಪಾಪ, ಅವರಿಗೆ ಯಾರಾದ್ರೂ ಮೊದಲೇ ಹೇಳಬೇಕಿತ್ತು. ಸಾಲ ಇದೆ ಅಂದ್ರೆ ಮೂಲೆಯಲ್ಲಿನ ಈ ಕಲೆಯಿಂದ ನಿಮಗೆ ನಷ್ಟ ಇಲ್ಲ, ಕೊಟ್ಟ ದುಡ್ಡಿಗೆ ವಾಪಸ್ ತಗೊಂಡು ನೀವೇ ಕೋಟ್ಯಧೀಶ್ವರರಾಗಿ. ಕಲೆಯಿಂದ ಬೆಲೆ ಹೋಯ್ತು ಅಂದ್ರೆ ನೀವು ಮಾರ್ತಿರೋದು ಚಿತ್ರ. ಅದನ್ನ ಇವರಿಗೂ ಒಂದು ಮಾತು ಹೇಳಿಬಿಡಿ."

ಮುಂದಿನ ಸಾಲಲ್ಲಿ ದೊಡ್ಡ ಟೋಪಿ ಹಾಕಿದ್ದ ಒಬ್ಬ ಅಜ್ಜ ಚೆಕ್‌ಬುಕ್ ತೆರೆದಿದ್ದವನು ಮುಚ್ಚಿದ. ಎಲ್ಲರೂ ಮಾರಾಟಗಾರನ ಕಡೆ ತಿರುಗಿದ್ರು. ಆಗಲೇ ಅವನು ಕನ್ನಡಕ ಒರೆಸಿಕೊಂಡದ್ದು. ಬುಧವಾರ ಆ ಚೆಕ್ ಪಾಸಾಯ್ತು. ಪಾಸಾಗುವ ತನಕ ನಾನೂ ನಿದ್ದೆ ಮಾಡಿಲ್ಲ, ಅದನ್ನೂ ತಾತ ಹೇಳಲ್ಲ.

ಎಷ್ಟೋ ವರ್ಷ ಆದ್ಮೇಲೆ ಒಂದು ದಿನ ಭಾವನ ಫೋನು. "ಪೇಪರ್ ನೋಡಿದ್ಯಾ ಜಯಾ? ಜರ್ಮನಿ ಆ ಹಳೇ ಸಾಲದ ಕೊನೇ ಕಂತು ಕಟ್ತಂತೆ! ನಾನು ಹೇಳಿರಲಿಲ್ವಾ?" ಹುಡುಕಿ ಓದಿದೆ, ನಿಜವೇ. "ಹೌದು ಭಾವ, ಕಟ್ಟಿದ್ದಾರೆ, ಪರಿಶೀಲನೆ ಆದ ಪತ್ರದವರಿಗೆ" ಅಂದೆ. ನೋಡಿ ಮಕ್ಕಳೇ, ಯುದ್ಧ ಮಾಡಿದವರು ಯಾರೂ ಉಳಿದಿರಲಿಲ್ಲ. ಆಗ ಹುಟ್ಟೇ ಇರದಿದ್ದವರು ಸಂಬಳದಲ್ಲಿ ತೆರಿಗೆ ಕೊಟ್ಟು ತೀರಿಸಿದ್ರು. ಅದಕ್ಕೇ ನಿಮಗೆ ಹೇಳೋದು, ಯಾವ ಕಾಗದ ಬಂದ್ರೂ ಮೊದಲು ಕೊನೇ ಅಕ್ಷರದವರೆಗೂ ಓದಿ, ಕುಂಕುಮ ಆಮೇಲೆ ಇಡಿ. ಏಳಿ, ತಾತ ಬರ್ತಿದ್ದಾರೆ, ಏಸಿ ಇಳಿಸಿದ್ದು ಯಾರು ಅಂತ ಕೇಳ್ತಾರೆ.