ಬೇಕಂತಲೇ ಹೇಳಿದ ತಪ್ಪು

ನರರೋಗದ ಡಾಕ್ಟರರ ಕೋಣೆಯ ಹೊರಗೆ ಕಾಯುತ್ತಿದ್ದ ದರ್ಜಿ, ಪಕ್ಕದಲ್ಲಿ ಕೂತ ರಗ್ಬಿ ಆಟಗಾರನ ಕುತ್ತಿಗೆಗೆ ತನ್ನ ಟೇಪು ಸಾಲದು ಅಂದುಕೊಂಡ. ಆಟಗಾರ ತನ್ನ ಅಕ್ಕನಿಗೆ ಹೇಳುತ್ತಿದ್ದ:

"ಸೀಸನ್ ಶುರುವಲ್ಲಿ ನೆನಪಿನ ಪರೀಕ್ಷೆ ಮಾಡ್ತಾರಲ್ಲ, ಅದ್ರಲ್ಲಿ ಪ್ರತಿ ವರ್ಷ ಬೇಕಂತಲೇ ತಪ್ಪು ಹೇಳ್ತಿದ್ದೆ."

"ಯಾಕೋ?"

"ತಲೆಗೆ ಏಟು ಬಿದ್ದಾಗ ಅದೇ ಪರೀಕ್ಷೆ ಮತ್ತೆ ಮಾಡ್ತಾರೆ. ಮೊದಲೇ ಮಾರ್ಕು ಕಮ್ಮಿ ಇದ್ರೆ, ಇಳಿದದ್ದು ಗೊತ್ತಾಗಲ್ಲ. ಆಟದಿಂದ ಹೊರಗೆ ಕೂರಿಸಲ್ಲ."

"ಡಾಕ್ಟರ ಕಣ್ಣಿಗೇ ಮಣ್ಣೆರಚಿದ್ಯಾ!"

"ನಾನೊಬ್ನೇ ಅಲ್ಲಕ್ಕ, ಇಡೀ ತಂಡ."

"ಭಾರಿ ಘನಕಾರ್ಯ. ಈ ಸಲನಾದ್ರೂ ನೆಟ್ಟಗೆ ಹೇಳು."

"ಹೇಳ್ದೆ. ಮೊನ್ನೆ ಮನಸ್ಸಿಟ್ಟು ಹೇಳ್ದೆ."

"ಮತ್ತೆ ಇಲ್ಲಿಗ್ಯಾಕೆ ಬಂದ್ವಿ?"

"ತಪ್ಪು ಹೇಳಿದಾಗ ಬರ್ತಿದ್ದಷ್ಟೇ ಮಾರ್ಕು ಬಂತು."

ನರ್ಸ್ ಕರೆದಳು. ಅಕ್ಕ ಆ ದೈತ್ಯನ ಕೈ ಹಿಡಿದು, ಮಗುವನ್ನು ರಸ್ತೆ ದಾಟಿಸುವವಳ ಹಾಗೆ ಒಳಗೆ ನಡೆಸಿಕೊಂಡು ಹೋದಳು.