ಮಂಗಳವಾರದ ವಾಸನಿ

…ಇಲ್ರಿ ಅಳಿಯಾರ, ಈ ಬಾಟ್ಲ್ಯಾಗಿನ ವಾಸನಿ ತಂಬಾಕಿಂದಲ್ಲ. ಹೂರ್ಣ ಇದು. ಕಡ್ಲಿಬ್ಯಾಳಿ ಬೇಯಿಸಿ, ಬೆಲ್ಲ ಹಾಕಿ, ಯಾಲಕ್ಕಿ ಹಾಕೋದು ಮರ್ತಂಗೈತಿ. ಏನಂದ್ರಿ ಹೆಸರು? ವರ್ಜೀನಿಯಾ? ಆಗ್ಲಿ. ವರ್ಜೀನಿಯಾದಾಗ ಹೋಳಗಿ ಮಾಡ್ತಾರಂತ ಈ ಗಿರಿಜಮ್ಮಗ ಇವತ್ತ ಗೊತ್ತಾತು. ಮುಚ್ಚಿ ಆ ಕಡೆ ಇಡ್ರಿ. ಮುಂದಿನ್ದು ಕೊಡ್ರಿ.

ಯಾಕ ನಗ್ತೀರಿ? ನಗಬ್ಯಾಡ್ರಿ. ನಿಮ್ಮ ಹೆಂಡ್ತಿ ಮ್ಯಾಲ ಪೆಟಗಿ ತುಂಬಾಕತ್ತಾಳ. ಅತ್ತಿ ಅಳಿಯ ಅಡಗಿಮನ್ಯಾಗ ಕುಂತು ನಗೋದು ಕೇಳಿತಂದ್ರ ಇನ್ನೂ ಒಂದು ಪೆಟಗಿ ತುಂಬ್ತಾಳ. ಹೊಟ್ಯಾಗಿಟ್ಟುಕೊಂಡ ನನಗ ಗೊತ್ತಿಲ್ಲೇನ್ರಿ ಇಂಚರಾನ ಸಿಟ್ಟು.

ಇದೇನು, ಕೆಂಟಕಿ? ತಡೀರಿ, ಮೂಸ್ತೀನಿ. ಮಾಸ್ಕ್ ಪೂರಾ ತೆಗೀಬೇಕಾ? ಯಾಕ್ರಿ? ಮೂಗು ಹೊರಗ ಬಂದೈತಲ್ಲ. ಮೂಸೋದು ಮೂಗು, ಬಾಯಿಗೇನು ಕೆಲ್ಸ? ಮನ್ಯಾಗ ಯಾಕ ಮಾಸ್ಕ್ ಅಂತ ನೀವೂ ಶುರು ಮಾಡಬ್ಯಾಡ್ರಿ. ಐದು ತಿಂಗಳ ಕೂಸೈತಿ ಮನ್ಯಾಗ. ಈ ಊರವರ ಮಾತು ಬಿಡ್ರಿ. ಒಂದೂವರಿ ಮೀಟರ್ ದೂರ ನಿಲ್ರಿ ಅಂತ ಅಂಗಡ್ಯಾಗ ನೆಲಕ್ಕ ಪಟ್ಟಿ ಹಚ್ಚ್ಯಾರ, ಮೂಗಿಗೆ ಒಂದು ಚಿಂದಿ ಬಟ್ಟಿ ಇಲ್ಲ. ಏನು? ಮಂಗಳವಾರದಿಂದ ಯಾಕ ಹಾಕೊಂಡೀನಿ? ಮಂಗಳವಾರ… ಟಿವ್ಯಾಗ ತೋರಿಸಿದ್ರಲ್ಲ, ಮತ್ತ ಏರಾಕತ್ತೈತಿ ಅಂತ. ಡಚ್ಚು ತಿಳೀದಿದ್ರೇನು, ಗೆರಿ ಮ್ಯಾಲ ಹೊಂಟಿದ್ದು ಕಣ್ಣಿಗೆ ಕಾಣಂಗಿಲ್ಲೇನು?

ಹ್ಞಾಂ, ಕೆಂಟಕಿ. ಇದು ಹುಲ್ಲಿನ ಬಣವಿ. ಅದೂ ಮಳಿ ಹೊಡದು ಎರಡು ದಿವ್ಸ ಆದ ಬಣವಿ. ಇದನ್ನ ಆ ನಿಮ್ಮ ಕರೆಂಟಿನ ಸಿಗರೇಟಿನ ಪೀಪ್ಯಾಗ ಹಾಕಿ ಎಳದ್ರ ಎಮ್ಮಿ ಓಡಿ ಬರತೈತಿ, ಈ ಹಾಲೆಂಡಿನ ರೈಸ್‌ವೈಕಿನ್ಯಾಗ ಎಮ್ಮಿ ಇಲ್ಲ ಅನ್ನೋದೊಂದ ಪುಣ್ಯ. ಬರಕೊಳ್ರಿ. ಬರ್ಯಾಕತ್ತೀರಲ್ಲ ಎಲ್ಲಾ? ಹದಿನಾಕಕ್ಕ ಹೂರ್ಣ, ಹದಿನೈದಕ್ಕ ಬಣವಿ. ಶೇಂಗಾ ಹಿಂಡಿ ಯಾವ ನಂಬರ್ ಇತ್ತು? ಒಂಬತ್ತಾ? ಒಂಬತ್ತು.

ನಿಮ್ಮ ಸೋಂಗ ನೋಡಿದ್ರ ನನಗ ಭಾಳ ಮಜಾ ಅನಸ್ತೈತ್ರಿ. ಸಿರಿಂಜು ಏನು, ಸಣ್ಣ ತಕ್ಕಡಿ ಏನು, ಗ್ಲಿಸರಿನ್ ಏನು. ಹನಿ ಎಣಿಸಿ ಹಾಕ್ಬೇಕು, ಕಲಿಸ್ಬೇಕು, ಚೀಟಿ ಹಚ್ಬೇಕು, ಬಾಯ್ಲರಿನ ಕಪಾಟಿನ್ಯಾಗ ಕತ್ತಲಿಗಿ ಇಡ್ಬೇಕು ಮೂರು ವಾರ. ಉಪ್ಪಿನಕಾಯಿ ಹಾಕೋ ಹೆಣ್ಮಕ್ಕಳೂ ಇಷ್ಟು ಮಡಿ ಮಾಡಂಗಿಲ್ಲ. ಕಡೀಕ ಬರೋದೇನು? ಹೊಗಿ ಬರತೈತಿ, ಸಮಾಧಾನ ಬರವಲ್ದು. ನೀವ ಹೇಳಿದ ಮಾತಿದು. ಅಲ್ರಿ, ಇಂಚರಾ ಬಸುರಿ ಅಂತ ತಿಳದ ದಿವ್ಸ ಸಿಗರೇಟು ಬಿಟ್ರಿ, ಒಳ್ಳೇದಾತು, ನಾ ಊರತುಂಬ ಹೇಳಿಕೊಂಡು ತಿರಗೀನಿ, ನಮ್ಮ ಚಿನ್ಮಯ್ ಅಂದ್ರ ಹಿಂಗ, ಮೈಸೂರವರಾದ್ರೂ ಮನಸು ಗಟ್ಟಿ ಅಂತ. ಆದ್ರ ಬಿಟ್ಟ ಮ್ಯಾಲ ಬಿಟ್ಟು ಬಿಡಬೇಕ್ರಿ. ಈ ಪೀಪಿ ಹಿಡ್ಕೊಂಡು, ತಂಬಾಕಿಲ್ಲದ ತಂಬಾಕಿನ ವಾಸನಿ ಹುಡುಕೋದು ಅಂದ್ರ!

ನಾ ಬಿಟ್ಟಿಲ್ಲೇನು? ಮೂರು ವರ್ಷ ಆತು ಮಿಶ್ರಿ ಬಿಟ್ಟು. ನಮ್ಮ ನಿಪ್ಪಾಣಿ ಕಡೆ ಹೆಣ್ಮಕ್ಕಳು ಮುಂಜಾನೆ ಎದ್ದು ಮೊದ್ಲು ಚಾ ಕುಡಿಯಂಗಿಲ್ಲ, ಮಿಶ್ರಿ ತಿಕ್ತಾರ. ತಂಬಾಕಿನೆಲಿ ಕರ್ರಗ ಹುರದು, ಪುಡಿ ಮಾಡಿ, ಬೆರಳಲೆ ಹಲ್ಲಿಗೆ; ತಿಕ್ಕಿದ್ರ ಹಲ್ಲಿನ ಸಂದಿ ಕರ್ರಗ. ನಲವತ್ತು ವರ್ಷ ತಿಕ್ಕೀನಿ ನಾನು. ಒಸಡಿನ ಮ್ಯಾಲ ಬಿಳೀ ಕಲಿ ಬಂದೈತಿ ಅಂತ ಡಾಕ್ಟರ್ ಅಂದ್ರು, ಇಂಚರಾ ತನ್ನ ತಲಿ ಮ್ಯಾಲ ಕೈ ಇಡಿಸಿ ಆಣಿ ಮಾಡಿಸ್ಕೊಂಡ್ಳು, ಮುಗೀತು. ಈಗ ಫೆಬ್ರುವರ್ಯಾಗ ಬಾಣಂತನಕ್ಕ ಬಂದೆನಲ್ಲ, ಏರ್‌ಪೋರ್ಟಿನ್ಯಾಗ ಹೊಟ್ಟಿ ಹೊತ್ತು ನಿಂತಾಳ, ಆರಾಮ ಬಂದ್ಯಾ ಅನ್ಲಿಲ್ಲ, ಊಟ ಆತಾ ಅನ್ಲಿಲ್ಲ, ಅವ್ವಾ ಬಾಯಿ ತಗಿ ಅಂದ್ಳು. ಎತ್ತು ಕೊಳ್ಳೋವಾಗ ಹಲ್ಲು ನೋಡ್ತಾರಲ್ಲ, ಹಂಗ ನೋಡಿದ್ಳು ನನ್ನ ಹಲ್ಲು. ನೀವೂ ಇದ್ರಿ ಬಾಜೂಕ. ನಕ್ರಿ ನೀವು, ನನಗ ನೆನಪೈತಿ.

ಕೊಡ್ರಿ, ಇನ್ನೊಂದು. ನಾ ಅಂದ್ರ ನಿಮಗ ಸಿಕ್ಕ ಭಾಗ್ಯ ತಿಳೀರಿ. ನಮ್ಮಪ್ಪ ತಂಬಾಕಿನ ವಖಾರದಾಗ ಎಲಿ ಮೂಸಿ ಯಾವ ಹೊಲದ್ದು ಅಂತ ಹೇಳಾವ. ಆ ಮೂಗೈತಿ ನನಗ. ಏನಂದ್ರಿ? ಮೂಗು ಕೆಲ್ಸ ಮಾಡಾಕತ್ತೈತಿ ಅಂದ್ರ ಕೊರೋನಾ ಇಲ್ಲ, ಮಾಸ್ಕ್ ಯಾಕಂತ? ಭಾಳ ಶಾಣ್ಯಾ ಆಗೀರಿ ಇವತ್ತು. ಮಾಸ್ಕಿನ ಚಿಂತಿ ಬಿಡ್ರಿ, ಹೆಂಡ್ತಿ ಚಿಂತಿ ಮಾಡ್ರಿ. ಶನಿವಾರ ವಿಮಾನ ಐತಿ. ಆರು ತಿಂಗಳು ಸಿಕ್ಕೊಂಡು ಬಿದ್ದು, ಕಡೀಕ ನನಗೊಂದು ಟಿಕೇಟು ಸಿಕ್ಕಿತ್ತು. ಈಗ ಇಂಚರಾ, ಕೂಸು ಸೇರಿ ಅದು ಮೂರಾಗೈತಿ.

ನೋಡ್ರಿ, ನಾ ನಿಮಗ ಅತ್ತಿ ಆಗಿ ಹೇಳಾಕತ್ತಿಲ್ಲ, ತಾಯಿ ಆಗಿ ಹೇಳ್ತೀನಿ. ಆ ಶ್ಯಾಗಿನ ಪಾಕೀಟು ಇಡಬಾರದಿತ್ರಿ ನೀವು. ಸಿಗರೇಟು ಸುತ್ತೋ ಹಸೀ ತಂಬಾಕು, ಅದನ್ನ ಒಡೀದಂಗ ಸೈಕಲ್ ಶೆಡ್ಡಿನ್ಯಾಗ ಇಟ್ಟು, ದಿನಾ ನೋಡಿ, ಮುಟ್ಟದ ಬರೋದು! ಮನಸು ಗಟ್ಟಿ ಐತೋ ಇಲ್ಲೋ ಪರೀಕ್ಷಾ ಮಾಡಿಕೊಳ್ಳಾಕಂತ. ಇಂಚರಾಗೂ ಹೇಳಿಟ್ಟಿದ್ರಿ, ಅದು ಒಡದಿದ್ದು ಕಂಡ್ರ ನಾ ಸೋತೆ ಅಂತ ತಿಳಿ ಅಂತ. ಈಗ ನೋಡ್ರಿ. ಮಂಗಳವಾರ ಆಕಿ ಕೂಸಿಗೆ ಸೂಜಿ ಹಾಕ್ಸಾಕ ಹೋಗಿದ್ಳು. ನೀವು ಮ್ಯಾಲ ಆಫೀಸಿನ ಮೀಟಿಂಗಿನ್ಯಾಗ. ಗೋಡಿ ಮ್ಯಾಲಿನ ಹೊಗಿ ಗಂಟಿ ಹೊಡ್ಕೊಂತು. ಆಕಿ ವಾಪಸ್ ಬಂದು ಬಾಗ್ಲಾಗ ನಿಂತು ಮೂಗು ಅರಳಿಸಿದ್ಳು, ಮನಿತುಂಬ ಸುಟ್ಟ ತಂಬಾಕಿನ ವಾಸನಿ. ಕಸದ ಡಬ್ಬಿ ತಗದ್ರ ಪಾಕೀಟು. ಖಾಲಿ. ಇನ್ನೇನು ತಿಳ್ಕೋಬೇಕಿತ್ತು ಆಕಿ? ಹೊಗಿ ಇರೋ ಮನ್ಯಾಗ ನನ್ನ ಕೂಸು ಇರಂಗಿಲ್ಲ ಅಂದ್ಳು. ತಪ್ಪೇನು?

ನೀವಾದ್ರೂ ಏನು? ನಾ ಸೇದಿಲ್ಲ ಅಂತ ಒಂದ ಸಲ ಅಂದ್ರಿ. ಆಮ್ಯಾಲ ನೆಲ ನೋಡ್ಕೋತ ನಿಂತ್ರಿ. ಗಂಡಸರಾದವರು ಸೇದಿದ್ರ ಸೇದೀನಿ ಅಂತ ಒಪ್ಕೋಬೇಕ್ರಿ. ತಪ್ಪು ಎಲ್ಲಾರೂ ಮಾಡ್ತಾರ. ಒಪ್ಕೊಂಡವರು ದೊಡ್ಡವರಾಗ್ತಾರ. ನಾ ಆಗಿದ್ರ…

ಯಾಕ್ರಿ? ಏನಿಲ್ಲ ಅಂದ್ರ ಏನು? ಏನೋ ಅನ್ನಾಕ ಬಾಯಿ ತಗದ್ರಿ.

ಹೋಗ್ಲಿ ಬಿಡ್ರಿ. ನಾಕು ತಿಂಗಳು ಇದ್ದು ಬರ್ತಾಳ, ಸಿಟ್ಟು ಇಳೀತೈತಿ. ಅಲ್ಲಿ ಅಂಗಳ ಐತಿ, ಬಿಸ್ಲೈತಿ, ಕೂಸಿನ್ನ ಎತ್ಕೊಳ್ಳಾಕ ಹತ್ತು ಮಂದಿ ಅದಾರ. ಇಲ್ಲೇನೈತಿ? ನಾಕು ಗೋಡಿ, ನಿಮ್ಮ ಲ್ಯಾಪ್‌ಟಾಪು. ನಿಮ್ಮ ಮಾವ ಬಸವಲಿಂಗಪ್ಪನವರು ಫೋನಿನ್ಯಾಗ ಕೇಳಿದ್ದೇ ತಡ, ಅಟ್ಟದ ಮ್ಯಾಲಿನ ತೊಟ್ಲಾ ಇಳಿಸಿ ಬಣ್ಣಾ ಹಚ್ಚಾಕತ್ತಾರ. ಎಪ್ಪತ್ತು ವರ್ಷದ ಮುದುಕ ಕುಂಚ ಹಿಡದು… ಮುಖ ಯಾಕ ಹಂಗ ಸಣ್ಣ ಮಾಡಿಕೊಂಡ್ರಿ? ಕೂಸು ನಿಮ್ಮನ್ನ ಮರೀತೈತಿ ಅಂತ ಅಂಜಿಕೇನು? ವಿಡಿಯೋದಾಗ ತೋರ್ಸೋಣ್ರಿ ದಿನಾ. ಮರ್ತರ ಮತ್ತ ನೆನಪು ಮಾಡ್ಕೋತೈತಿ.

ಸರಿ, ಇದ ಕಡೀದಾ? ಹದಿನೇಳು? ಇದು ಮಂಗಳವಾರದ ವಾಸನಿಗೆ ಹತ್ರ ಐತೇನು ಅಂತ ಕೇಳ್ತೀರಾ? ಅದನ್ನ ಮಾಡ್ಬೇಕಂತೀರೇನು ಬಾಟ್ಲ್ಯಾಗ? ತರ್ರಿ ಇಲ್ಲಿ.

ಹ್ಞುಂ… ಇಲ್ಲ. ಹತ್ರಾನೂ ಇಲ್ಲ. ಇದರಾಗ ಘಾಟ ಇಲ್ಲಲ್ರಿ. ಬರೀ ಸೀ. ಮಂಗಳವಾರದ್ದು ಎಲ್ಲಿ, ಇದೆಲ್ಲಿ! ಅದು ಹೆಂಗಿತ್ತಂದ್ರ, ಮೊದ್ಲಿಗೆ ಬೆಲ್ಲದ ಪಾಕ ಏರಿದಂಗ ಬರತೈತಿ. ಇಲ್ಲಿಯವರು ಆ ಶ್ಯಾಗಿಗೆ ಏನೋ ಸೀ ಹಚ್ಚಿರ್ತಾರ, ಹಂಚಿಗೆ ಅಂಟತೈತಿ. ನಮ್ಮೂರ ಎಲಿ ಹಂಗ ಅಂಟಂಗಿಲ್ಲ. ಉರಿ ಸಣ್ಣ ಮಾಡಿ ಕೈ ಆಡಿಸ್ತನ ಇರಬೇಕು, ಇಲ್ಲಂದ್ರ ಮ್ಯಾಲ ಸುಟ್ಟು ಒಳಗ ಹಸಿ ಉಳೀತೈತಿ. ಆಮ್ಯಾಲ ಎಳಿ ಎಳಿ ಮುದುರ್ಕೋತ ಬರ್ತಾವ, ಚಟಚಟ ಅಂತಾವ, ಆಗ ಏಳ್ತೈತಿ ನೋಡ್ರಿ ಆ ಘಾಟು, ಎದಿಗೆ ಹೋಗಿ ಕುಂದ್ರತೈತಿ, ಕಣ್ಣಾಗ ನೀರು ಬಂದ್ರೂ ಹಿಂದ ಸರಿಯಾಕ ಮನಸಾಗಂಗಿಲ್ಲ, ಆಹಾ…

ಯಾಕ ಬರ್ಯೋದು ಬಿಟ್ರಿ?

ಬರಕೊಳ್ರಿ. ಬೆಲ್ಲದ ಪಾಕ, ಆಮ್ಯಾಲ ಘಾಟು.

ಹಿಂಗ್ಯಾಕ ನೋಡ್ತೀರಿ ನನ್ನ? ನಾ ಹಂಚು ಅಂದ್ನೇನು? ಅಂದಿರಬೇಕು. ದಿನಾ ರೊಟ್ಟಿ ಬಡಿಯೋಳು, ಬಾಯಿಗೆ ಅದ ಬರತೈತಿ. ನಾ ಅಂದಾಜಿಗೆ ಹೇಳಿದ್ದು. ತಂಬಾಕು ಅಂದ್ರ ಎಲ್ಲಾ ಒಂದ ಅಲ್ಲೇನ್ರಿ… ಶ್ಯಾಗ್ ಆದ್ರೇನು, ಎಲಿ ಆದ್ರೇನು. ನೀವು ಬೀಡಿ ಗತೆ ಸುತ್ತಿ ಸೇದಿದಾಗ ಬಂದ ವಾಸನೀನ ನಾ ಹಿಂಗ…  

ಅಲ್ಲೇನ ನೋಡ್ತೀರಿ? ಗೂಟಕ್ಕ ತೂಗು ಹಾಕಿದ್ದು ನನ್ನ ಹಂಚು. ನಿಪ್ಪಾಣಿಯಿಂದ ತಂದಿದ್ದು. ಅದರಾಗೇನೈತಿ? ಸ್ವಚ್ಛ ಐತಿ. ಮಂಗಳವಾರ…

ಮಂಗಳವಾರ ಆ ಗಂಟಿ ಹೊಡ್ಕೊಂಡ ಗದ್ದಲದಾಗ ನಾ ಅದನ್ನ ಸಿಂಕಿನ್ಯಾಗ ಬಿಟ್ಟು ಕಿಡಕಿ ತೆಗ್ಯಾಕ ಓಡಿದ್ದೆ. ಒಂದೊಂದ ಕಿಡಕಿ ತಗದು ತಿರುಗಿ ಬಂದ್ರ ಹಂಚು ತಿಕ್ಕಿ, ಒರಸಿ, ಗೂಟಕ್ಕಿತ್ತು. ಗಾಬರ್ಯಾಗ ನಾನ ತಿಕ್ಕಿರಬೇಕು, ಮರ್ತಿರಬೇಕು ಅಂತ ತಿಳ್ಕೊಂಡೆ. ಹಂಗ ತಿಳ್ಕೊಂಡು ಸುಮ್ಮ ಇದ್ದೆ. ಇಂಚರಾ ಇನ್ನೂ ಬಂದಿರ್ಲಿಲ್ಲ. ಮನ್ಯಾಗ ಇದ್ದವರು ಇಬ್ರ.

ನೀವು ಇಳದು ಬಂದಿದ್ರೇನು?

ಕಂಡಿತ್ತೇನು ನಿಮಗ?

ಪಾಕೀಟು ಮಾತ್ರ ಕಸದಾಗ ಉಳೀತು. ಅದು ನಿಮ್ಮ ಕಣ್ಣಿಗೆ ಬಿದ್ದಿರ್ಲಿಲ್ಲ.

ಹಂಗಾದ್ರ ಈ ಬಾಟ್ಲಿ… ಮುಂಜಾನಿಂದ ಒಂದೊಂದ ನನ್ನ ಮೂಗಿಗೆ ಹಿಡದು, ಅತ್ತಿ ಇದು ಹೆಂಗೈತಿ, ಅತ್ತಿ ಅದು ಹೆಂಗೈತಿ… ಇದಕ್ಕೇನು? ನಾ ನಿಮ್ಮ ತಂಬಾಕು ಪರೀಕ್ಷಾ ಮಾಡಾಕತ್ತೀನಂತ ತಿಳ್ಕೊಂಡಿದ್ದೆ ನೋಡ್ರಿ. ನಾನ ಹೇಳ್ಲಿ ಅಂತ ಕುಂತಿದ್ರಿ. ಎರಡು ದಿವ್ಸ ಹೆಂಡ್ತಿ ಕಡಿಂದ ಬೈಸ್ಕೊಂಡು, ಕೂಸು ಕೈ ತಪ್ಪಿ ಹೊಂಟಿದ್ದು ನೋಡ್ಕೋತ, ಅತ್ತಿ ಮರ್ಯಾದಿ ಕಾಯಾಕತ್ತಿದ್ರಿ. ಬೈರಲ್ಲ. ಒಂದು ಮಾತು ಬೈದ್ರ ನನ್ನ ಎದಿ ಹಗರಾಗತೈತಿ. ಬೈಯಾಕೂ ಬರಂಗಿಲ್ಲ ನಿಮಗ.

ಮೂರು ವರ್ಷ ಖರೇನ ಬಿಟ್ಟಿದ್ದೆ ಅಳಿಯಾರ. ಅದು ಸುಳ್ಳಲ್ಲ. ಇಲ್ಲಿ ಹೊರಗ ಹೋಗಂಗಿಲ್ಲ, ಮಾತಾಡಾಕ ಮಂದಿ ಇಲ್ಲ, ವಿಮಾನ ಇವತ್ತು ಐತಿ ನಾಳೆ ಇಲ್ಲ. ಹೋದ ವಾರ ಶೆಡ್ಡಿನ್ಯಾಗ ಕೂಸಿನ ಗಾಡಿ ತರಾಕ ಹೋದಾಗ ಅದು ಕಂಡಿತು. ನೀವು ಒಂದು ವರ್ಷ ಅದನ್ನ ನೋಡಿ ಮುಟ್ಟಲಿಲ್ಲ. ನನಗ ಒಂದು ವಾರ ತಡ್ಯಾಕ ಆಗ್ಲಿಲ್ಲ, ಹುರದು ಮಿಶ್ರಿ ಮಾಡಿ ತಿಕ್ಕಿದೆ.

ಆ ಹೊತ್ತಿಗೇ ಹೇಳ್ತಿದ್ದೆ. ಬಾಯಿ ತನಕ ಬಂದಿತ್ತು. ಅಷ್ಟರಾಗ ಇಂಚರಾ ಟಿಕೇಟಿನ ಮಾತು ತಗದ್ಳು. ಕೂಸು ನನ್ನ ಜೋಡಿ ಬರತೈತಿ ಅಂದ ಕೂಡ್ಲೆ ನನ್ನ ನಾಲಿಗಿ ಸುಮ್ಮ ಆತು. ಆಣಿ ಮುರದದ್ದಕ್ಕ ನಾಚಿಕಿ ಆಗೈತಿ, ಅದು ಸಣ್ಣದು. ದೊಡ್ಡದು ಇದು, ಕೂಸಿನ ಆಶಾಕ್ಕ ನಿಮ್ಮ ಮ್ಯಾಲ ತಪ್ಪು ಬೀಳಾಕ ಬಿಟ್ಟಿದ್ದು. ನಿಮಗ ಇದು ಗೊತ್ತಿರ್ಲಿಲ್ಲ, ಅಲ್ಲೇನು? ಈಗ ಗೊತ್ತಾತಲ್ಲ.

ಇಲ್ಲ, ಏಳಬ್ಯಾಡ್ರಿ. ಕೈ ಬಿಡ್ರಿ. ನೀವು ಇನ್ನ ಏನೂ ಮುಚ್ಚಾಕ ಹೋಗಬ್ಯಾಡ್ರಿ, ಹಂಚು ತಿಕ್ಕಿದ್ದ ಸಾಕು.

ಇಂಚರಾ… ಇಂಚರಾ! ಆ ಪೆಟಗಿ ಹಂಗ ಬಿಟ್ಟು ಕೆಳಗ ಬಾ. ಕೂಸಿನ್ನೂ ಕರ್ಕೊಂಡು ಬಾ.

ಬಾ ತಂಗಿ. ಇಲ್ಲಿ ಬಾ, ಕಿಡಕಿ ಕಡೆ, ಬೆಳಕಿಗೆ. ಕೂಸಿನ್ನ ಅವರಪ್ಪನ ಕೈಯಾಗ ಕೊಡು. ಕೊಡು ಅಂದೆ. ಗಂಡನ ಮುಖ ಯಾಕ ದುರುಗುಟ್ಟಿ ನೋಡ್ತಿ? ನನ್ನ ಕಡೆ ನೋಡು. ನೋಡು, ಈ ಮಾಸ್ಕ್ ತಗದೆ. ಏರ್‌ಪೋರ್ಟಿನ್ಯಾಗ ನೋಡಿದ್ಯಲ್ಲ, ಹಂಗ ನೋಡು. ನನ್ನ ಹಲ್ಲು ನೋಡು.