ಗಿಡುಗದ ಗೂಡಿಗೆ ಕಾವಲು ಕೂತ ಹಿಲ್ಕೆ

ರೂಲೋಫ್ ಅವರೇ, ಹಿಲ್ಕೆಯ ಮಕ್ಕಳೇ, ಹಿಲ್ಕೆಯನ್ನು ಕೊನೆಯ ಸಲ ಬೀಳ್ಕೊಡಲು ಈ ಚಳಿಯಲ್ಲೂ ಚರ್ಚಿನ ಸಭಾಂಗಣ ತುಂಬಿಸಿರುವ ಊರವರೇ — ಎಲ್ಲರಿಗೂ ನಮಸ್ಕಾರ.

ಡ್ರೆಂಟೆಯ ನಮ್ಮ ಈ ಕಾಡಿನಲ್ಲಿ ಹಿಲ್ಕೆಯ ಜೊತೆ ಎಷ್ಟೋ ವರ್ಷ ಗಿಡುಗದ ಗೂಡು ಕಾದವನು ನಾನು. ಈ ಕೆಲಸಕ್ಕೆ ಇಬ್ಬರು ಬೇಕು — ನಿಮಗೆ ಗೊತ್ತು. ಗೂಡು ಕಾಣುವ ಹಾಗೆ ಕಟ್ಟಿದ ಮರೆಗುಡಿಸಲಿಗೆ ಇಬ್ಬರೂ ಹೋಗಬೇಕು, ಒಬ್ಬರು ಒಳಗೆ ಅಡಗಿ ಕೂರಬೇಕು, ಇನ್ನೊಬ್ಬರು ಜೋರಾಗಿ ಮಾತಾಡುತ್ತಾ ವಾಪಸ್ ಬರಬೇಕು. ಮೇಲಿಂದ ನೋಡುವ ಗಿಡುಗ, ಪೀಡೆ ತೊಲಗಿತು ಅಂದುಕೊಂಡು ಗೂಡಿಗೆ ಇಳಿಯುತ್ತದೆ. ಒಳಗೆ ಕೂರುವವಳು ಯಾವಾಗಲೂ ಹಿಲ್ಕೆ. ವಾಪಸ್ ಬರುವವನು ನಾನು. "ನಿನ್ನ ಬಾಯಿ ಸುಮ್ನಿರಲ್ಲ ಕಣೋ ಬೆರೆಂಡ್, ನೀನು ನಡಿ" ಅನ್ನುತ್ತಿದ್ದಳು.

ಅಲ್ಲಿ ಕೂತು ಕಂಡದ್ದನ್ನೆಲ್ಲ ನಮಗೆ ಹೇಳಿದಳು. ಈ ಗಿಡುಗ ಆಕಾಶದಲ್ಲಿ ಸುತ್ತುಹಾಕಿ ಬೇಟೆಯಾಡುವುದಲ್ಲ. ಕೊಂಬೆಯ ಮರೆಯಲ್ಲಿ ಕೂತಿರುತ್ತದೆ. ಆಮೇಲೆ ಬೇಲಿಯ ಆಚೆ ಬದಿಯಲ್ಲಿ — ಹೀಗೆ, ನೆಲಕ್ಕೆ ತಾಗುವ ಹಾಗೆ — ಹಾರಿ ಬಂದು, ಪಾರಿವಾಳ ತಲೆ ಎತ್ತುವ ಮೊದಲೇ ಮೇಲೆ ಬೀಳುತ್ತದೆ. ಎಷ್ಟೋ ಸಲ ಗುರಿ ತಪ್ಪುತ್ತದೆ. ತಪ್ಪಿದರೆ ಮತ್ತೆ ಹೋಗಿ ಕೂರುತ್ತದೆ. ಹೆಣ್ಣು ಕಾವಿಗೆ ಕೂತಾಗ ಗಂಡೇ ಬೇಟೆ ತರಬೇಕು. ಗಂಡಿಗಿಂತ ದಪ್ಪಗಿರುವ ಹೆಣ್ಣು ಅದನ್ನು ಕಿತ್ತುಕೊಂಡು ಗಂಡನ್ನು ಓಡಿಸುತ್ತದೆ. "ನಮ್ಮನೇಲೂ ಹಂಗೇ" ಅನ್ನುತ್ತಿದ್ದರು ರೂಲೋಫ್ — ನಗಿ, ನಗಿ, ಅವಳೂ ನಗುತ್ತಿದ್ದಳು.

ಪಂದ್ಯದ ಪಾರಿವಾಳ ಸಾಕುವ ಲಾಮ್ಮರ್ಟ್ ಅಲ್ಲಿ ಕೂತಿದ್ದಾರೆ. ಒಮ್ಮೆ ಅವಳ ಬಾಗಿಲಿಗೆ ಬಂದು, "ನಿನ್ನ ಗಿಡುಗ ನನ್ನ ಹಕ್ಕೀನ ತಿಂದ್ಹಾಕ್ತು!" ಅಂತ ಕೂಗಾಡಿದರು. ಹಿಲ್ಕೆ ಅವರನ್ನು ಕಾಡಿಗೆ ಕರೆದೊಯ್ದು, ಗಿಡುಗ ಬೇಟೆಯ ಪುಕ್ಕ ಕೀಳುವ ಮರದ ಬೊಡ್ಡೆ ತೋರಿಸಿದಳು. ಕಾಡುಪಾರಿವಾಳದ ಪುಕ್ಕ, ಕಾಗೆಯ ಪುಕ್ಕ — ನಡುವೆ ಪಂದ್ಯದ ಪಾರಿವಾಳದ ಕಾಲಿಗೆ ಹಾಕುವ ಒಂದು ಗುರುತಿನ ಉಂಗುರ. ಅವಳೇ ಎತ್ತಿ ಕೊಟ್ಟಳು. "ಹೌದು ಲಾಮ್ಮರ್ಟ್, ನಿಂದೇ. ಸುಳ್ಳು ಹೇಳಲ್ಲ. ನಂಗೂ ಬೇಜಾರು. ಆದ್ರೆ ಗೂಡಿಗೆ ಕೈ ಹಚ್ಚಿದ್ರೆ ಮಾತ್ರ ಬಿಡಲ್ಲ." ಆಮೇಲೆ ಕಾಫಿ ಕೊಟ್ಟಳು. "ಒಂದೇ ಬಿಸ್ಕತ್ತು ಕೊಟ್ಲು, ಜಿಪುಣಿ" ಅಂತ ಇಂದಿಗೂ ದೂರುತ್ತಾರೆ. ಗೂಡಿನ ಹತ್ತಿರ ಮಾತ್ರ ಅವರು ಎಂದೂ ಸುಳಿಯಲಿಲ್ಲ.

ಬೇರೆ ಯಾರೋ ಸುಳಿದಿದ್ದಾರೆ. ಹೋದ ವಾರ — ಅವಳು ಆಸ್ಪತ್ರೆಯಲ್ಲಿದ್ದಾಗ — ಗೂಡಿನ ಮರದ ಕೆಳಗೆ ಗಿಡುಗ ತಿನ್ನಲಿ ಅಂತ ವಿಷ ಸವರಿ ಇಟ್ಟ ಸತ್ತ ಪಾರಿವಾಳ ಸಿಕ್ಕಿತು. ಗಿಡುಗ ಮುಟ್ಟುವ ಮೊದಲು ನನ್ನ ಕಣ್ಣಿಗೆ ಬಿತ್ತು, ಅಷ್ಟೇ. ಗಿಡುಗದ ಜೋಡಿ ಈಗ ಗೂಡು ಕಟ್ಟುತ್ತಿದೆ. ನನಗೆ ದುಃಖವಿದೆ, ಅದಕ್ಕಿಂತ ಹೆಚ್ಚು ಸಿಟ್ಟಿದೆ. ಹೆದರಿಸಿ ನಮ್ಮನ್ನು ಕಾಡಿನಿಂದ ಎಬ್ಬಿಸಲು ಯಾರಿಂದಲೂ ಆಗದು. ನಾಳೆ ಬೆಳಿಗ್ಗೆ ಗುಡಿಸಲಿನ ಒಳಗೆ ನಾನೇ ಕೂರುತ್ತೇನೆ. ಜೊತೆಗೆ ಬಂದು ವಾಪಸ್ ನಡೆಯಲು ಒಬ್ಬರು ಬೇಕು. ನಾಡಿದ್ದು ಇನ್ನೊಬ್ಬರು. ಮರಿಗಳು ಹಾರುವ ತನಕ ದಿನಾ ಒಬ್ಬರು ಬೇಕು.

ಈಗ ದಯವಿಟ್ಟು ಎಲ್ಲರೂ ಎದ್ದು ನಿಲ್ಲಿ. ನಮ್ಮ ಹಿಲ್ಕೆಗಾಗಿ ಒಂದು ನಿಮಿಷ ಮೌನವಾಗಿರೋಣ. ನಿಮಿಷ ಮುಗಿದ ಮೇಲೆ ಉಳಿದವರು ಕೂತುಕೊಳ್ಳಿ — ನನ್ನ ಜೊತೆ ಕಾಡಿಗೆ ಬರುವವರು ನಿಂತೇ ಇರಿ.